ಹಿಯೇ ಬೆಟ್ಟದ ಸಾವಿರ ದಿನ

ಜಪಾನಿನ ಕ್ಯೋಟೋ ನಗರದ ಈಶಾನ್ಯಕ್ಕೆ 848 ಮೀಟರ್ ಎತ್ತರದ ಹಿಯೇ ಬೆಟ್ಟವಿದೆ. 788ರಲ್ಲಿ ಸೈಚೋ ಎಂಬ ಭಿಕ್ಷು ಅಲ್ಲಿ ಕಟ್ಟಿದ ಪುಟ್ಟ ಗುಡಿಯೇ ಮುಂದೆ ಎನ್‌ರ್ಯಾಕುಜಿ ಎಂಬ ಮಹಾಮಠವಾಗಿ ಬೆಳೆದು, ತೆಂಡೈ ಬೌದ್ಧ ಪಂಥದ ತವರಾಯಿತು. ಮರುಶತಮಾನದಲ್ಲಿ ಸೋಓ (831–918) ಎಂಬ ಭಿಕ್ಷು ಬೆಟ್ಟ ಸುತ್ತುವುದನ್ನೇ ಒಂದು ಸಾಧನೆಯಾಗಿಸಿದ. ಅದರ ಹೆಸರು ಕೈಹೋಗ್ಯೋ. 1571ರಲ್ಲಿ ಓಡ ನೊಬುನಾಗ ಎಂಬ ದಂಡನಾಯಕನ ಸೈನ್ಯ ಇಡೀ ಮಠಕ್ಕೆ ಬೆಂಕಿಯಿಟ್ಟರೂ ಈ ನೇಮ ಅಳಿಯಲಿಲ್ಲ. 1988ರಲ್ಲಿ ಜಾನ್ ಸ್ಟೀವನ್ಸ್ ಇಂಗ್ಲಿಷಿನಲ್ಲಿ ಇದರ ಬಗ್ಗೆ ಪುಸ್ತಕ ಬರೆದ ಮೇಲೆ ಇಲ್ಲಿನ ಸಾಧಕರು ಹೊರಜಗತ್ತಿಗೆ ‘ಮ್ಯಾರಥಾನ್ ಸನ್ಯಾಸಿಗಳು’ ಆದರು. ಆ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಲಕ್ಷ್ಯವೆಲ್ಲ ಕಿಲೋಮೀಟರುಗಳ ಕಡೆಗೆ ಹೋಗುತ್ತದೆ. ಆದರೆ ಆ ಕಿಲೋಮೀಟರುಗಳನ್ನು ಜೋಡಿಸಿರುವ ಕ್ರಮವನ್ನು ನೋಡಿದರೆ ಬೇರೆಯೇ ಮಾತು ತೋರುತ್ತದೆ. ಗುರಿ ಮುಟ್ಟಲು ನಂಬಿಕೆಯ ನೆರವು ಬೇಕು ಎನ್ನುವುದು ನಾವು ದಿನವೂ ಕೇಳುವ ಮಾತು. ಹಿಯೇ ಬೆಟ್ಟದವರು ಇದನ್ನು ತಿರುವಿಹಾಕಿದ್ದಾರೆ. ಅಲ್ಲಿ ನಂಬಿಕೆ ಬೇರು ಬಿಡಲಿ ಎಂದು ಗುರಿಯ ನೆರವು ಪಡೆಯುತ್ತಾರೆ.

ಇಡೀ ವ್ರತ ಏಳು ವರ್ಷಗಳದ್ದು. ಮೊದಲ ಮೂರು ವರ್ಷ ತಲಾ ನೂರು ದಿನ, ಮುಂದಿನ ಎರಡು ವರ್ಷ ತಲಾ ಇನ್ನೂರು ದಿನ, ದಿನಕ್ಕೆ ಸುಮಾರು 30 ಕಿ.ಮೀ. ಆರನೆಯ ವರ್ಷದ ನೂರು ದಿನ ದೂರ 60 ಕಿ.ಮೀ.ಗೆ ಏರುತ್ತದೆ. ಏಳನೆಯ ವರ್ಷದ ಮೊದಲ ನೂರು ದಿನ ಕ್ಯೋಟೋ ಬೀದಿಗಳನ್ನೂ ಸೇರಿಸಿಕೊಂಡು ದಿನಕ್ಕೆ 84 ಕಿ.ಮೀ. ಒಟ್ಟು ಹೆಚ್ಚುಕಡಿಮೆ 38,000 ಕಿ.ಮೀ. ದಾಖಲೆಗಾಗಿ ಮಾಡಿದ ಯೋಜನೆಯಾಗಿದ್ದರೆ 84ರಲ್ಲೇ ಮುಗಿಯಬೇಕಿತ್ತು. ಆದರೆ ಕೊನೆಯ ನೂರು ದಿನ ಸಾಧಕ ಮತ್ತೆ ಬೆಟ್ಟದ ಅದೇ 30 ಕಿ.ಮೀ. ದಾರಿಗೆ, ಏಳು ವರ್ಷದ ಹಿಂದೆ ಮೊದಲ ರಾತ್ರಿ ಕಾಲಿಟ್ಟ ದಾರಿಗೇ ಮರಳುತ್ತಾನೆ. ಅತಿ ಕಠಿಣವಾದ ‘ದೋಇರಿ’ಯೂ ಕೊನೆಯಲ್ಲಿಲ್ಲ, ಅದು ಏಳುನೂರನೆಯ ದಿನ ಮುಗಿದ ಮೇಲೆ ಬರುತ್ತದೆ. ಒಂಬತ್ತು ದಿನ ಅನ್ನ, ನೀರು, ನಿದ್ದೆ ಇಲ್ಲ, ಮೈ ಚಾಚುವಂತಿಲ್ಲ. ಮಂತ್ರ ಜಪಿಸುತ್ತ ಕೂರಬೇಕು. ನಡುರಾತ್ರಿ ಕಳೆದ ಮೇಲೆ ಎದ್ದು ಬಾವಿಯಿಂದ ನೀರು ತಂದು ದೇವರಿಗೆ ಅರ್ಪಿಸಬೇಕು. ತನ್ನ ಗಂಟಲು ಒಣಗಿರುವಾಗ ಕೈಯಲ್ಲಿರುವ ನೀರು ತನ್ನದಲ್ಲ. ಅಲ್ಲಿಯವರೆಗಿನ ಸಾಧನೆ ತನಗಾಗಿ, ಅಲ್ಲಿಂದಾಚೆ ಪರರಿಗಾಗಿ ಎಂದು ತೆಂಡೈ ಸಂಪ್ರದಾಯವೇ ಗೆರೆ ಎಳೆದಿದೆ. 84 ಕಿ.ಮೀ. ದಿನಗಳಲ್ಲಿ ಬೀದಿಬದಿ ಮಂಡಿಯೂರಿ ಕಾದವರ ತಲೆಗೆ ಜಪಮಾಲೆ ಮುಟ್ಟಿಸಿ ಹರಸುತ್ತ ಹೋಗುವುದು ಅದಕ್ಕೇ.

ಇದು ನಡಿಗೆ, ಓಟವಲ್ಲವಲ್ಲ ಎಂದು ಕೇಳಬಹುದು. ನಿಜ, ಹೆಚ್ಚಿನ ದಾರಿ ಬಿರುನಡಿಗೆಯದೇ. ಆದರೆ ಒಂದು ರಾತ್ರಿಯನ್ನು ಹತ್ತಿರದಿಂದ ನೋಡಿ. ಬೆಳಗಿನ ಜಾವ ಎರಡರ ಹೊತ್ತಿಗೆ ಬಿಳಿ ಬಟ್ಟೆ, ಹುಲ್ಲಿನ ಚಪ್ಪಲಿ, ಕೈಯಲ್ಲೊಂದು ಲಾಟೀನು. ಮಳೆಯಿದ್ದರೆ ಚಪ್ಪಲಿ ದಾರಿಯಲ್ಲೇ ಕಿತ್ತುಹೋಗುತ್ತದೆ. ಗುಡಿ, ಮರ, ಬಂಡೆ, ನೀರಿನ ಸೆಲೆ ಎಂದು ಸುಮಾರು 260 ಕಡೆ ನಿಂತು ಕೈಮುಗಿಯಬೇಕು. ಇಡೀ ದಾರಿಯಲ್ಲಿ ಕೂರುವುದು ಒಂದೇ ಕಡೆ, ಒಂದು ದೇವದಾರಿನ ಬುಡದಲ್ಲಿ, ಅದೂ ಪ್ರಾರ್ಥನೆಗೆ. ವೇಗವೇ ಗುರಿಯಾಗಿದ್ದರೆ 260 ನಿಲುಗಡೆಗಳು ಅಡ್ಡಿ; ಇಲ್ಲಿ ಅವುಗಳಿಗಾಗಿಯೇ ದಾರಿ ಇದೆ. ಇದರ ಮೂಲ ಸದ್ಧರ್ಮಪುಂಡರೀಕ ಸೂತ್ರದ ಸದಾಪರಿಭೂತ ಬೋಧಿಸತ್ವನಲ್ಲಿದೆ. ಕಲ್ಲು ದೊಣ್ಣೆ ಬಿದ್ದರೂ ಆತ ಎದುರಾದವರಿಗೆಲ್ಲ ಮುಂದಿನ ಬುದ್ಧರೆಂದು ಕೈಮುಗಿದ. ಇನ್ನು ಸಾಧಕರ ಇಷ್ಟದೈವ ಫುದೋ ಮ್ಯೋಓ. ಭಾರತದಿಂದ ಹೋದ ಈ ದೇವರ ಸಂಸ್ಕೃತ ಹೆಸರು ಅಚಲ. ಸದಾ ನಡೆಯುವವನು ಕದಲದವನನ್ನು ಪೂಜಿಸುತ್ತಾನೆ ಎಂಬುದರಲ್ಲಿ ಇಡೀ ವ್ರತದ ತಿರುಳಿದೆ ಎಂದೇ ನನ್ನ ಎಣಿಕೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸಾಧಕನ ಸೊಂಟದಲ್ಲಿ ಹಗ್ಗ ಮತ್ತು ಕಠಾರಿ ಇರುತ್ತವೆ. ವ್ರತ ಕೆಟ್ಟರೆ ಪ್ರಾಣ ಬಿಡಬೇಕೆಂಬುದು ಸಂಪ್ರದಾಯದ ನಿಯಮ. ಬಿಳಿ ಬಟ್ಟೆಯೂ ಅಲ್ಲಿ ಶವದ ಉಡುಗೆ. ಸಾವಿನ ಬೆದರಿಕೆಯಲ್ಲಿ ಹುಟ್ಟಿದ್ದು ಶ್ರದ್ಧೆಯೇ, ಭಯವೇ? ಈ ನಿಯಮವನ್ನು ನಾನು ಸಮರ್ಥಿಸಲಾರೆ. ಆದರೆ ಅದು ಶುರುವಾಗುವುದು ನೂರ ಒಂದನೆಯ ದಿನದಿಂದ ಎಂಬುದನ್ನು ಮರೆಯಬಾರದು. ಮೊದಲ ನೂರು ದಿನ ಹಿಂದಿರುಗುವ ಬಾಗಿಲು ತೆರೆದೇ ಇರುತ್ತದೆ. ದಾರಿ ಏನೆಂದು ಕಾಲಿಗೆ ಗೊತ್ತಾದ ಮೇಲಷ್ಟೇ ಸಂಕಲ್ಪ. ಮೊದಲು ನಂಬು, ಆಮೇಲೆ ನಡೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಇದು ಅಸಾಮಾನ್ಯರ ಅಹಂಕಾರವಷ್ಟೇ ಎನ್ನುವವರು ಸಕಾಯಿ ಯೂಸಾಯಿಯನ್ನು ನೆನೆಯಬೇಕು. 1926ರಲ್ಲಿ ಹುಟ್ಟಿ, ಯುದ್ಧ ಕಂಡು, ವ್ಯಾಪಾರದಲ್ಲಿ ಸೋತು, ಹೆಂಡತಿಯನ್ನು ಕಳೆದುಕೊಂಡು, ನಲವತ್ತರ ಆಸುಪಾಸಿನಲ್ಲಿ ಮಠ ಸೇರಿದವರು ಅವರು. 1980ರಲ್ಲಿ ಸಾವಿರ ದಿನ ಮುಗಿಸಿದರು. ಗುರಿಯೇ ಮುಖ್ಯವಾಗಿದ್ದರೆ ಅಲ್ಲಿಗೆ ನಿಲ್ಲುತ್ತಿದ್ದರು. ಮತ್ತೆ ಹೊರಟು 1987ರಲ್ಲಿ, ಅರವತ್ತು ದಾಟಿದ ಮೇಲೆ, ಎರಡನೆಯ ಸಲ ಮುಗಿಸಿದರು. 2013ರಲ್ಲಿ ತೀರಿಕೊಂಡರು.

ಲೆಕ್ಕದ ಬಗ್ಗೆ ಕೊನೆಯದೊಂದು ಸಂಗತಿ ಉಳಿದಿದೆ. ಸಾವಿರ ದಿನದ ವ್ರತ ಎಂದು ಕರೆದರೂ ಸಾಧಕನನ್ನು ನಡೆಸುವುದು 975 ದಿನ ಮಾತ್ರ. ಮಿಕ್ಕ 25 ದಿನಗಳನ್ನು ಬಾಳಿನುದ್ದಕ್ಕೂ ನಡೆಯಲೆಂದು ಬಿಟ್ಟಿದ್ದಾರೆ.