ಮೋಟಾರಿನ ಭವಿಷ್ಯವನ್ನು ಗಣಿಸಿದವರು

ವಿದ್ಯುಚ್ಛಕ್ತಿಯಿಂದ ತಿರುಗುವ ಮೋಟಾರಿಗೆ ಭವಿಷ್ಯವಿಲ್ಲವೆಂದು ಒಂದೇ ಶತಮಾನದಲ್ಲಿ ಎರಡು ಸಲ ತೀರ್ಪಾಯಿತು. ತೀರ್ಪಿತ್ತವರು ಬರಿಯ ಹರಟೆಮಲ್ಲರಲ್ಲ. ಆ ಯಂತ್ರವನ್ನು ಕೈಯಾರೆ ಕಟ್ಟಿ ತಿರುಗಿಸಿದ ವಿದ್ವಾಂಸರು. ಆದುದರಿಂದಲೇ ಈ ಕಥೆಯು ವಿಚಾರಾರ್ಹವೆಂದು ನಮಗೆ ತೋರುತ್ತದೆ.

೧೮೩೮ರಲ್ಲಿ ಯಾಕೋಬಿ ಎಂಬಾತನು ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ ಬ್ಯಾಟರಿಯ ಬಲದಿಂದ ದೋಣಿಯನ್ನು ನಡೆಸಿದನು. ಹಬೆಯ ಯಂತ್ರದ ಕಾಲ ಮುಗಿಯುತ್ತ ಬಂದಿತೆಂದು ಆಗ ಹಲವರು ಬಗೆದರು. ಈ ಹುರುಪು ಇಂಗ್ಲೆಂಡಿನ ಸ್ಯಾಲ್‌ಫರ್ಡಿನಲ್ಲಿ ಬಿಯರ್ ತಯಾರಿಸುವ ಮನೆತನದ ತರುಣನಾದ ಜೇಮ್ಸ್ ಜೌಲನಿಗೂ ಹತ್ತಿದ್ದಿತು. ತಮ್ಮ ಕಾರ್ಖಾನೆಯ ಹಬೆಯ ಯಂತ್ರಕ್ಕೆ ಬದಲಾಗಿ ಮೋಟಾರನ್ನು ಹೂಡಬಹುದೇ ಎಂದು ಆತನು ಅಳೆದು ತೂಗಿ ನೋಡಿದನು. ೧೮೪೧ರಲ್ಲಿ ಆತನು ಕೊಟ್ಟ ಲೆಕ್ಕ ಇದು: ಬ್ಯಾಟರಿಯಲ್ಲಿ ಒಂದು ಪೌಂಡು ಸತುವು ಸವೆದರೆ ೩,೩೧,೪೦೦ ಪೌಂಡು ಭಾರವನ್ನು ಒಂದಡಿ ಎತ್ತಬಹುದು, ಒಂದು ಪೌಂಡು ಕಲ್ಲಿದ್ದಲಿನಿಂದ ಕಾರ್ನ್‌ವಾಲಿನ ಉತ್ತಮ ಹಬೆಯ ಯಂತ್ರವು ಸುಮಾರು ೧೫,೦೦,೦೦೦ ಪೌಂಡನ್ನು ಅಷ್ಟೇ ಎತ್ತರಕ್ಕೆ ಎತ್ತುವುದು. ಸತುವಾದರೋ ಕಲ್ಲಿದ್ದಲಿಗಿಂತ ಬಹಳ ದುಬಾರಿ. ಜೌಲನು ಬಹುಮಟ್ಟಿಗೆ ಆಸೆಯನ್ನೇ ತೊರೆದನು. (ಈ ಅಳತೆಗಳ ಜಾಡಿನಲ್ಲಿಯೇ ಆತನು ಶಾಖಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದನಾದ್ದರಿಂದ, ಲೋಕಕ್ಕೆ ನಷ್ಟವೇನೂ ಆಗಲಿಲ್ಲ.)

ಲೆಕ್ಕದಲ್ಲಿ ದೋಷವಿರಲಿಲ್ಲ. ಆದರೆ ಅದು ಅಳೆದದ್ದು ಬ್ಯಾಟರಿಯ ಖರ್ಚನ್ನು. ತೀರ್ಪು ಬಿದ್ದದ್ದು ಮೋಟಾರಿನ ಮೇಲೆ. ಸತುವಿನ ಹಂಗಿಲ್ಲದೆ ವಿದ್ಯುತ್ತನ್ನು ಹುಟ್ಟಿಸುವ ದಾರಿಯನ್ನು ಫ್ಯಾರಡೆಯು ೧೮೩೧ರಲ್ಲಿಯೇ ತೋರಿಸಿದ್ದನು. ಅದು ಕೆಲಸಕ್ಕೊದಗುವ ಡೈನಮೋ ಆಗಿ ಬೆಳೆಯಲು ಸುಮಾರು ನಾಲ್ವತ್ತು ವರ್ಷ ಹಿಡಿಯಿತು. ೧೮೭೩ರ ವಿಯೆನ್ನಾ ಪ್ರದರ್ಶನದಲ್ಲಿ ಗ್ರಾಮನ ಒಂದು ಡೈನಮೋ, ಅಂಥದೇ ಇನ್ನೊಂದನ್ನು ತಂತಿಯ ಮೂಲಕ ಮೋಟಾರಾಗಿ ತಿರುಗಿಸಿತು.

ಎರಡನೆಯ ತೀರ್ಪು ಇಟಲಿಯ ಟ್ಯೂರಿನ್ ನಗರದ್ದು. ಗೆಲಿಲಿಯೋ ಫೆರಾರಿಸನು ೧೮೮೫ರಲ್ಲಿ, ತಿರುಗುವ ಕಾಂತಕ್ಷೇತ್ರದಿಂದ ನಡೆಯುವ ಮೋಟಾರನ್ನು ರಚಿಸಿದನು; ೧೮೮೮ರಲ್ಲಿ ಅದನ್ನು ಪ್ರಕಟಿಸುವಾಗ, ಶಕ್ತಿಯಲ್ಲಿ ಅರ್ಧಪಾಲು ವ್ಯರ್ಥವಾಗುವುದರಿಂದ ಇದು ಉದ್ಯಮಕ್ಕೆ ಒದಗದೆಂದು ತಾನೇ ಸಾರಿದನು! ಮೋಟಾರು ಅತ್ಯಧಿಕ ಬಲವನ್ನು ಕೊಡುವ ವೇಗವನ್ನೇ ಅದು ನಿತ್ಯವೂ ನಡೆಯಬೇಕಾದ ವೇಗವೆಂದು ಆತನು ಭಾವಿಸಿದ್ದನು. ಕಾಂತಕ್ಷೇತ್ರದ ವೇಗಕ್ಕೆ ತೀರ ಸಮೀಪದಲ್ಲಿ ಅದನ್ನು ಓಡಿಸಿದರೆ ನಷ್ಟವು ಅಲ್ಪವೇ ಸರಿ. ಈ ಪ್ರಮಾದವನ್ನು ಕಂಡುಕೊಂಡವನು ಬರ್ಲಿನ್ನಿನಲ್ಲಿದ್ದ ಡೊಬ್ರೊವೊಲ್ಸ್‌ಕಿ. ೧೮೯೧ರಲ್ಲಿ ಲಾಫೆನ್ನಿನ ನದಿಯ ಶಕ್ತಿಯು ೧೭೫ ಕಿಲೋಮೀಟರು ಸಾಗಿ, ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಆತನ ನೂರು ಕುದುರೆಬಲದ ಮೋಟಾರನ್ನು ತಿರುಗಿಸಿತು. ಆ ಮೋಟಾರು ನೀರನ್ನು ಮೇಲೆತ್ತಿ ಒಂದು ಕೃತಕ ಜಲಪಾತವನ್ನು ಸುರಿಸಿತು.

ಮೈಸೂರಿನ ಶಿವನಸಮುದ್ರಕ್ಕೂ ಇದೇ ಪ್ರಶ್ನೆ ಬಂದಿತು. ಕೋಲಾರದ ಚಿನ್ನದ ಗಣಿಗಳು ಕಲ್ಲಿದ್ದಲು ಸೌದೆಗಳನ್ನು ಉರಿಸಿ ಹಬೆಯ ಯಂತ್ರಗಳನ್ನು ನಡೆಸುತ್ತಿದ್ದುವು. ಸಂಸ್ಥಾನವು ಬೊಕ್ಕಸದ ಹಣವನ್ನು ತೊಡಗಿಸಬೇಕಾಗಿದ್ದುದು ಇನ್ನೂ ಹೊಸತಾದ ವಿದ್ಯೆಯೊಂದರ ಮೇಲೆ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯೋಜನೆಯು ಕೈಗೂಡಿ, ೧೯೦೨ರಲ್ಲಿ ಕಾವೇರಿಯ ಶಕ್ತಿಯು ಸುಮಾರು ೯೨ ಮೈಲಿ ಸಾಗಿ ಗಣಿಗಳನ್ನು ಮುಟ್ಟಿತು. ಮೋಟಾರಿನ ಖರ್ಚನ್ನು ಅಲ್ಲಿ ಗಣಿಸಿದ್ದು ಹೊಳೆಯ ನೀರಿನಿಂದ.