ಕೊಳವೆಯ ಲೆಕ್ಕ, ತಂತಿಯ ಲೆಕ್ಕ

ವಿಜಯಪುರ ನಗರದ ಪಶ್ಚಿಮಕ್ಕೆ ಭೂತನಾಳ ಕೆರೆಯಿದೆ. ನಗರಕ್ಕೆ ಕುಡಿಯುವ ನೀರು ಕೊಟ್ಟ ಕೆರೆ ಇದು. ಇದೇ ದಿಕ್ಕಿನಲ್ಲಿರುವ ತೊರವಿಯಿಂದ ಆದಿಲಶಾಹಿ ಅರಸರ ಕಾಲದಲ್ಲಿಯೂ ಊರಿಗೆ ನೀರು ಹರಿದು ಬರುತ್ತಿತ್ತು, ನೆಲದಡಿಯ ಸುರಂಗದಲ್ಲಿ. ಮುಂದೆ 1651ರಲ್ಲಿ ಮುಹಮ್ಮದ್ ಆದಿಲಶಾಹನು ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅದರ ನೀರು ಮಣ್ಣಿನ ಕೊಳವೆಗಳಲ್ಲಿ ಊರು ಸೇರುತ್ತಿತ್ತು. ಕೊಳವೆಗಳ ಸುತ್ತ ಗಾರೆಯ ಕಟ್ಟಡವಿತ್ತು. ದಾರಿಯಲ್ಲಿ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರಗಳು. ಜನ ಅವನ್ನು 'ಗಂಜ್' ಎಂದು ಕರೆದರು. ಕೊಳವೆಯೊಳಗಿನ ಒತ್ತಡ ಮಿತಿ ಮೀರಿದಾಗ ಅದು ಇಳಿಯುವ ಜಾಗ ಈ ಗಂಜ್. ಅದಿಲ್ಲದಿದ್ದರೆ ಕೊಳವೆ ಎಲ್ಲೋ ನೆಲದಡಿಯಲ್ಲಿ, ಯಾರ ಕಣ್ಣಿಗೂ ಕಾಣದ ಕಡೆ ಒಡೆಯುತ್ತಿತ್ತು.

ಇಂದು ಅದೇ ಊರಿನ ರಸ್ತೆಗಳಲ್ಲಿ ಓಡಾಡುವ ವಾಹನಗಳ ಒಳಗೂ ಇಂಥದೊಂದು ಹಂಚಿಕೆಯ ವ್ಯವಸ್ಥೆ ಇದೆ. ಅಲ್ಲಿ ಹರಿಯುವುದು ನೀರಲ್ಲ, ವಿದ್ಯುತ್ತು. ಬ್ಯಾಟರಿಯೇ ಕೆರೆ, ತಂತಿಯೇ ಕೊಳವೆ. ವೋಲ್ಟೇಜು ನೀರಿನ ಒತ್ತಡವಾದರೆ ಆಂಪಿಯರು ಹರಿವಿನ ಪ್ರಮಾಣ. ಕಾರಿಗೆ ಹೆಚ್ಚಿನ ದೀಪ, ಜೋರು ಹಾರ್ನು, ಕ್ಯಾಮೆರಾ. ಕಬ್ಬು ಹೊತ್ತ ಟ್ರ್ಯಾಕ್ಟರಿಗೆ ದೊಡ್ಡ ಸ್ಪೀಕರು. ಹೀಗೆ ಹೊಸದೊಂದನ್ನು ಜೋಡಿಸುವಾಗ ಕೇಳಬೇಕಾದ ಪ್ರಶ್ನೆಗಳು ನೀರಿನ ಮೇಸ್ತ್ರಿ ಕೇಳುತ್ತಿದ್ದ ಪ್ರಶ್ನೆಗಳೇ: ಕವಲು ಎಲ್ಲಿಂದ ತೆಗೆಯಬೇಕು? ಕೊಳವೆ ಎಷ್ಟು ಅಗಲವಿರಬೇಕು? ಒತ್ತಡ ಹೆಚ್ಚಿದರೆ ಅದು ಎಲ್ಲಿ ಇಳಿಯಬೇಕು?

ಮೊದಲ ಕಾಲದ ಕಾರುಗಳಿಗೆ ಈ ಚಿಂತೆಯೇ ಇರಲಿಲ್ಲ. ಅವುಗಳ ದೀಪ ಉರಿಯುತ್ತಿದ್ದುದು ಎಣ್ಣೆಯಿಂದ ಅಥವಾ ಕಾರ್ಬೈಡಿನ ಅನಿಲದಿಂದ. ಎಂಜಿನ್ನಿಗೆ ಬೇಕಾದ ಕಿಡಿಯನ್ನು ಮ್ಯಾಗ್ನೆಟೊ ಎಂಬ ಪುಟ್ಟ ಯಂತ್ರ ತಾನೇ ಹುಟ್ಟಿಸುತ್ತಿತ್ತು. ಕಾರು ಚಾಲೂ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ 'ಸೆಲ್ಫ್ ಸ್ಟಾರ್ಟರ್' ಬಂದಿತು. ಅದರೊಂದಿಗೆ ವಿದ್ಯುತ್ ದೀಪಗಳೂ ಬಂದವು. ಬ್ಯಾಟರಿ ಕಾರಿನ ಅಂಗವಾಯಿತು. ಕಾರಿನ ಮೈತುಂಬ ತಂತಿ ಹರಡಿಕೊಂಡಿದ್ದು ಅಲ್ಲಿಂದ ಮುಂದೆ.

ಕಾರಿಗೆ ಹೊರಗಿನಿಂದ ತಂದು ಜೋಡಿಸಿದ ಸಾಧನಗಳಲ್ಲಿ ಹೆಸರು ಮಾಡಿದ್ದು ರೇಡಿಯೊ. 1930ರಲ್ಲಿ ಅಮೆರಿಕದ ಗಾಲ್ವಿನ್ ಸೋದರರು 'ಮೋಟೊರೋಲಾ' ಎಂಬ ಹೆಸರಿನಲ್ಲಿ ಕಾರು ರೇಡಿಯೊ ಮಾರಾಟಕ್ಕೆ ತಂದರು. ಆಗಿನ ರೇಡಿಯೊಗಳಲ್ಲಿದ್ದ ವಾಲ್ವುಗಳಿಗೆ ಹೆಚ್ಚಿನ ವೋಲ್ಟೇಜು ಬೇಕಿತ್ತು. ಕಾರಿನ ಬ್ಯಾಟರಿಯೊಂದೇ ಅದಕ್ಕೆ ಸಾಲದೆ ಬೇರೆ ಬ್ಯಾಟರಿಗಳನ್ನೂ ಇಡಬೇಕಾಗುತ್ತಿತ್ತು. ಕಾರಿನಲ್ಲಿ ಮೊದಲೇ ಇರುವ ವಿದ್ಯುತ್ತು ಹೊಸ ಸಾಧನಕ್ಕೆ ಸಾಲುವುದೇ ಎಂಬ ಪ್ರಶ್ನೆ ಅಂದೇ ಹುಟ್ಟಿತ್ತು.

ಕಾರುಗಳಲ್ಲಿ ಸಾಧನಗಳು ಹೆಚ್ಚಿದಂತೆ 6 ವೋಲ್ಟಿನ ವ್ಯವಸ್ಥೆ ಸೋತಿತು. ಅಮೆರಿಕದ ತಯಾರಕರು 1950ರ ದಶಕದ ನಡುವೆ 12 ವೋಲ್ಟಿಗೆ ಬಂದರು. ಇದರ ಮರ್ಮ ಸರಳ. ಅಷ್ಟೇ ಶಕ್ತಿಯನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ತಂತಿಯಲ್ಲಿ ಹರಿಯುವ ಆಂಪಿಯರು ಅರ್ಧಕ್ಕೆ ಇಳಿಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಕಾಲು ಭಾಗಕ್ಕೆ ಇಳಿಯುತ್ತದೆ. ಹೊರೆ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುವುದು ಇದರ ಇನ್ನೊಂದು ಮುಖ. ತಂತಿಗೆ ಬೆಂಕಿ ತಗಲುವುದರ ಹಿಂದಿನ ಲೆಕ್ಕ ಇದೇ.

ಮನೆಯ ವೈರಿಂಗನ್ನು ಕಂಡವರು ಕಾರಿನಲ್ಲಿ ಮೋಸ ಹೋಗುವುದೂ ಇಲ್ಲಿಯೇ. 55 ವಾಟಿನ ಎರಡು ದೀಪಗಳಿಗೆ ಒಟ್ಟು 110 ವಾಟು ಬೇಕು. ಮನೆಯ 230 ವೋಲ್ಟಿನಲ್ಲಿ ಇದು ಅರ್ಧ ಆಂಪಿಯರೂ ಆಗದು. ಎಳೆಯಂಥ ತಂತಿಯೂ ಸಾಕು. ಕಾರಿನ 12 ವೋಲ್ಟಿನಲ್ಲಿ ಅದೇ ದೀಪಗಳು 9 ಆಂಪಿಯರಿಗಿಂತ ಹೆಚ್ಚು ಎಳೆಯುತ್ತವೆ. ಬ್ಯಾಟರಿಯಿಂದ ದೀಪದವರೆಗೆ 4 ಮೀಟರು ತಂತಿ ಬೇಕೆಂದುಕೊಳ್ಳೋಣ. ತಾಮ್ರದ ತಂತಿ 1 ಚದರ ಮಿಲಿಮೀಟರಿನದಾದರೆ ದಾರಿಯಲ್ಲೇ ಸುಮಾರು 0.6 ವೋಲ್ಟು ಸೋರಿಹೋಗುತ್ತದೆ. 2.5 ಚದರ ಮಿಲಿಮೀಟರಿನದಾದರೆ ಸೋರುವುದು 0.25 ವೋಲ್ಟು ಮಾತ್ರ. 0.6 ವೋಲ್ಟು ಎಷ್ಟು ಮಹಾ ಎನಿಸಬಹುದು. ಆದರೆ ತಂತುವಿನ ಬಲ್ಬಿನಲ್ಲಿ ವೋಲ್ಟೇಜು ಶೇಕಡಾ 5ರಷ್ಟು ಇಳಿದರೆ ಬೆಳಕು ಸುಮಾರು ಆರನೇ ಒಂದು ಭಾಗದಷ್ಟು ತಗ್ಗುತ್ತದೆ. ಹೆಚ್ಚು ಬೆಳಕಿಗೆಂದು ಹಣ ಕೊಟ್ಟು, ತೆಳ್ಳನೆಯ ತಂತಿಯಿಂದ ಬೆಳಕನ್ನು ಕಳೆದುಕೊಂಡಂತೆ.

ಇನ್ನು ಕವಲು ತೆಗೆಯುವ ಜಾಗ. ಹೆಡ್‌ಲೈಟಿನ ತಂತಿಯನ್ನು ಸುಲಿದು, ಅದಕ್ಕೆ ಹೊಸ ದೀಪದ ತಂತಿ ಸುತ್ತಿ, ಟೇಪು ಹಚ್ಚಿಬಿಡುವುದು ಸುಲಭದ ದಾರಿ. ಆದರೆ ಆ ತಂತಿಯನ್ನೂ ಸ್ವಿಚ್ಚನ್ನೂ ತಯಾರಕರು ಲೆಕ್ಕ ಹಾಕಿದ್ದು ಮೂಲ ದೀಪಕ್ಕೆ ಮಾತ್ರ. ಎರಡು ಮನೆಗೆಂದು ಹಾಕಿದ ಕೊಳವೆಗೆ ನಾಲ್ಕು ಮನೆಯ ನಲ್ಲಿ ಕೂಡಿಸಿದಂತಾಗುತ್ತದೆ. ಇದಕ್ಕೆ ಪರಿಹಾರ ರಿಲೇ. ಸ್ವಿಚ್ಚಿನಿಂದ ಬರುವ ಸಣ್ಣ ಹರಿವು ರಿಲೇಯೊಳಗಿನ ಸುರುಳಿಗೆ ಅಪ್ಪಣೆ ಕೊಡುತ್ತದೆ; ದೊಡ್ಡ ಹರಿವು ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರವಾಗಿ ದೀಪಕ್ಕೆ ಹೋಗುತ್ತದೆ. ರಿಲೇಯ ಮೇಲೆ 30, 85, 86, 87 ಎಂಬ ಅಂಕಿಗಳಿರುತ್ತವೆ. ಜರ್ಮನಿಯ ಮಾನಕವೊಂದು ಕೊಟ್ಟ ಗುರುತುಗಳಿವು. 30 ಎಂದರೆ ಬ್ಯಾಟರಿಯಿಂದ ಬರುವ ಸದಾ ಜೀವವಿರುವ ತಂತಿ. 87 ಸಾಧನಕ್ಕೆ ಹೋಗುವುದು. 85 ಮತ್ತು 86 ಸುರುಳಿಯ ಎರಡು ತುದಿಗಳು. ನಮ್ಮ ಆಟೋ ಎಲೆಕ್ಟ್ರಿಷಿಯನ್ನರ ಬಾಯಲ್ಲೂ ಈ ಅಂಕಿಗಳಿವೆ.

ಎಲ್ಲ ಸಾಧನಕ್ಕೂ ಸದಾ ಜೀವವಿರುವ ತಂತಿ ಸಲ್ಲದು. ಕ್ಯಾಮೆರಾ ಎಳೆಯುವುದು 0.3 ಆಂಪಿಯರು ಎಂದಿಟ್ಟುಕೊಂಡರೂ ದಿನಕ್ಕೆ 7 ಆಂಪಿಯರ್-ಗಂಟೆಗೂ ಹೆಚ್ಚಾಗುತ್ತದೆ. 35 ಆಂಪಿಯರ್-ಗಂಟೆಯ ಬ್ಯಾಟರಿಯ ಕಾರನ್ನು ಮೂರು ನಾಲ್ಕು ದಿನ ನಿಲ್ಲಿಸಿ ಊರಿಗೆ ಹೋಗಿ ಬಂದರೆ ಸೆಲ್ಫ್ ಹೊಡೆಯದು. ಇಂಥ ಸಾಧನಕ್ಕೆ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಸಾಲಿನಿಂದ ವಿದ್ಯುತ್ತು ಕೊಡುವುದು ಲೇಸು. ಹೊರಟ ವಿದ್ಯುತ್ತು ಮರಳಿ ಬ್ಯಾಟರಿಗೆ ಬರುವುದು ಕಾರಿನ ಲೋಹದ ಮೈಯ ಮೂಲಕ. ಆದ್ದರಿಂದ ಅರ್ತಿಂಗ್ ತಂತಿ ಕೂಡುವ ಕಡೆ ಬಣ್ಣ, ತುಕ್ಕು ಕೆರೆದು ಬೋಲ್ಟು ಬಿಗಿಯಬೇಕು. ಮಿಣುಕುವ ದೀಪ, ಗೊರಗುಟ್ಟುವ ಸ್ಪೀಕರುಗಳ ದೋಷ ಎಷ್ಟೋ ಸಲ ಸಾಧನದಲ್ಲಿರದೆ ಇಲ್ಲಿರುತ್ತದೆ.

ಕೊನೆಯದು, ಆದರೆ ಎಲ್ಲಕ್ಕೂ ಮುಖ್ಯವಾದದ್ದು ಫ್ಯೂಸು. ಎರಡನೇ ಮಹಾಯುದ್ಧದ ನಂತರದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಇಡೀ ವಾಹನಕ್ಕೆ ಎರಡೇ ಫ್ಯೂಸುಗಳಿದ್ದವು. ಇಂದಿನ ಕಾರುಗಳಲ್ಲಿ ಒಂದೊಂದು ಸಾಲಿಗೂ ಬಣ್ಣದ ಬಿಲ್ಲೆಯಂಥ ಫ್ಯೂಸಿದೆ: ಕೆಂಪು 10 ಆಂಪಿಯರು, ನೀಲಿ 15, ಹಳದಿ 20, ಹಸಿರು 30. ಫ್ಯೂಸು ಸಾಧನವನ್ನು ಕಾಯುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಮೊದಲಿಗೆ ಕಾಯುವುದು ತಂತಿಯನ್ನು. ಆದ್ದರಿಂದ ಅದು ದೀಪದ ಬಳಿ ಇದ್ದು ಪ್ರಯೋಜನವಿಲ್ಲ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿ ಎಲ್ಲಾದರೂ ಉಜ್ಜಿ ಕಾರಿನ ಮೈಗೆ ತಗಲಿದರೆ ತಡೆಯುವವರು ಯಾರೂ ಇಲ್ಲ. ಮೇಲೆ ಹೇಳಿದ ಎರಡು ದೀಪಗಳಿಗೆ 2.5 ಚದರ ಮಿಲಿಮೀಟರಿನ ತಂತಿಯೊಡನೆ 15 ಆಂಪಿಯರಿನ ಫ್ಯೂಸು ಸರಿಹೊಂದುತ್ತದೆ. ಅದು ಮತ್ತೆ ಮತ್ತೆ ಹೋಗುತ್ತದೆಂದು 30ರದನ್ನು ಸಿಕ್ಕಿಸುವುದು, ಇಲ್ಲವೇ ಸಿಗರೇಟಿನ ಬೇಗಡೆ ಸುತ್ತುವುದು, ಗಂಜ್‌ನ ಬಾಯಿ ಮುಚ್ಚಿದಂತೆ. ಆಗ ಕರಗುವುದು ಫ್ಯೂಸಲ್ಲ, ತಂತಿಯ ಹೊದಿಕೆ. ಅದು ಕರಗುವ ಜಾಗ ಡ್ಯಾಷ್‌ಬೋರ್ಡಿನ ಹಿಂದೆ, ಕುಳಿತವರ ಮೊಣಕಾಲಿನ ಎದುರಿಗೆ.

ಹೊಸ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ 'ಕ್ಯಾನ್' ಪದ್ಧತಿಯಿಂದಾಗಿ ಕೆಲವು ತಂತಿಗಳಲ್ಲಿ ಹರಿಯುವುದು ಶಕ್ತಿಯಲ್ಲ, ಸುದ್ದಿ. ಅನೇಕ ಕಾರುಗಳಲ್ಲಿ ಗಣಕವೊಂದು ದೀಪದ ಸಾಲುಗಳ ಮೇಲೂ ಕಣ್ಣಿಟ್ಟಿರುತ್ತದೆ. ಅಂಥ ತಂತಿಯನ್ನು ಸುಲಿದರೆ ಕಾರು ದೋಷದ ದೀಪ ಹೊತ್ತಿಸಬಹುದು. ಸಾಮಾನ್ಯವಾಗಿ ಹಳದಿ ಹೊದಿಕೆಯಲ್ಲಿರುವ ಏರ್‌ಬ್ಯಾಗಿನ ತಂತಿಗಳಿಗಂತೂ ಕೈ ಹಾಕಲೇಬಾರದು. ಮೂಲ ತಂತಿಯನ್ನು ಕತ್ತರಿಸದೆ ಫ್ಯೂಸುಪೆಟ್ಟಿಗೆಯಿಂದಲೇ ಕವಲು ತೆಗೆಯುವ ಹಿಡಿಕೆಗಳು ಈಗ ದೊರೆಯುತ್ತವೆ.

ದೀಪಕ್ಕೆ ಸಾವಿರಗಟ್ಟಲೆ ಕೊಡುವವರು ತಂತಿ, ರಿಲೇ, ಫ್ಯೂಸಿನ ಕೆಲವು ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಏಕೆಂದರೆ ದೀಪ ಕಣ್ಣಿಗೆ ಕಾಣುತ್ತದೆ, ತಂತಿ ಕಾಣುವುದಿಲ್ಲ. ಬೇಗಂ ತಲಾಬಿನ ಕೊಳವೆಗಳೂ ನೆಲದಡಿ ಯಾರಿಗೂ ಕಾಣದೆ ಮಲಗಿದ್ದವು. ಆದರೂ ಅವನ್ನು ಹಾಕಿದವರು ಕೊಳವೆ ಒಡೆಯಬಾರದೆಂದು ನೆಲದ ಮೇಲೆ 40 ಅಡಿಯವರೆಗೆ ಗೋಪುರ ಎಬ್ಬಿಸಿದರು.