ಕ್ರೋ ಪ್ಯಾಟ್ರಿಕ್ ಪರ್ವತವೂ ಅದರ ಯಾತ್ರೆಯೂ

ಐರ್ಲೆಂಡ್ ದ್ವೀಪದ ಪಶ್ಚಿಮತೀರದಲ್ಲಿ, ಮೇಯೋ ಪ್ರಾಂತದ ಕ್ಲೂ ಎಂಬ ಕೊಲ್ಲಿಯ ದಕ್ಷಿಣಕ್ಕೆ, ಕ್ರೋ ಪ್ಯಾಟ್ರಿಕ್ ಎಂಬ ಶಂಕ್ವಾಕಾರದ ಪರ್ವತವೊಂದುಂಟು. ಅದರ ಎತ್ತರ ಸುಮಾರು 2,500 ಅಡಿ; ಪ್ರಾಚೀನನಾಮ ಕ್ರೂಅಖಾನ್ ಐಗ್ಲೆ. ಸಂತ ಪ್ಯಾಟ್ರಿಕ್ಕನು ಕ್ರಿ. ಶ. 441ರಲ್ಲಿ ಇದರ ಶಿಖರದ ಮೇಲೆ ನಲವತ್ತು ದಿವಸ ಉಪವಾಸವಿದ್ದು, ದ್ವೀಪದ ಸರ್ಪಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿದನೆಂದು ಐತಿಹ್ಯ. ಇದರಲ್ಲಿ ಪ್ರಾಚೀನಾಂಶವೆಷ್ಟು, ಪ್ರಕ್ಷಿಪ್ತವೆಷ್ಟು ಎಂಬುದು ವಿಚಾರಾರ್ಹವಾಗಿದೆ.

ಪ್ಯಾಟ್ರಿಕ್ಕನು ಲ್ಯಾಟಿನ್ ಭಾಷೆಯಲ್ಲಿ ತಾನೇ ಬರೆದ ಆತ್ಮನಿವೇದನೆಯಲ್ಲಿ ಈ ಪರ್ವತದ ಹೆಸರೇ ಇಲ್ಲ. ಉಪವಾಸದ ಪ್ರಸಂಗವು ಏಳನೆಯ ಶತಮಾನದ ಕಡೆಯ ಭಾಗದಲ್ಲಿ ತೀರೇಖಾನನೆಂಬವನು ರಚಿಸಿದ ಚರಿತ್ರೆಯಲ್ಲಿ ಕಂಡುಬರುವುದು. ಅಲ್ಲಿ ಸಂತನ ಸಾರಥಿಯು ಬೆಟ್ಟದ ಬುಡದಲ್ಲಿ ಮೃತನಾಗುವನು. ಮೇಲೇರಿದ ಸಂತನನ್ನು ಹಕ್ಕಿಗಳು ಮುತ್ತಿ, ಭೂಮಿ ಆಕಾಶ ಸಮುದ್ರಗಳು ಕಾಣದಂತೆ ಮಾಡುವುವು. ಹಾವಿನ ಸುದ್ದಿಯೇ ಅಲ್ಲಿಲ್ಲ. ತರುವಾಯದ ಚರಿತ್ರೆಗಳಲ್ಲಿ ಈ ಹಕ್ಕಿಗಳೇ ಕರಿಯ ಬಣ್ಣ ತಾಳಿದುವು; ಅವನು ಗಂಟೆಯನ್ನು ಬಾರಿಸಿ ಎಸೆದು ಅವುಗಳನ್ನು ಓಡಿಸಿದನಂತೆ. ಸರ್ಪಕಥೆಯು ಇನ್ನೂ ಅರ್ವಾಚೀನವಾದುದು. ಆ ದ್ವೀಪದಲ್ಲಿ ಹಾವುಗಳಿಲ್ಲವೆಂದು ರೋಮನ್ ಲೇಖಕನಾದ ಸೊಲಿನಸ್ಸನು ಪ್ಯಾಟ್ರಿಕ್ಕನಿಗಿಂತ ಮೊದಲೇ ಬರೆದಿದ್ದನು. ಇಲ್ಲದ ಹಾವುಗಳನ್ನು ಅಟ್ಟಿದ ಕೀರ್ತಿಯು ಸಂತನಿಗೆ ಲಭಿಸಿದುದು, ಸ್ಥಳಪುರಾಣಗಳು ಬೆಳೆಯುವ ಬಗೆಯನ್ನು ಬಲ್ಲವರಿಗೆ ಸೋಜಿಗವೆನಿಸದು.

ಯಾತ್ರೆಯು ಜುಲೈ ತಿಂಗಳ ಕಡೆಯ ಭಾನುವಾರ ನಡೆಯುವುದು. ಬರಿಗಾಲಲ್ಲಿ ಏರುವವರೂ ಉಂಟು. ಇದು ಲೂಗ್ ದೇವತೆಯ ಸುಗ್ಗಿಯ ಹಬ್ಬದ ಶೇಷವೆಂದು ಮೊಯ್ರಾ ಮ್ಯಾಕ್‌ನೀಲ್ ಎಂಬ ವಿದುಷಿಯು 1962ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದಳು. ಆದರೆ 1113ರಲ್ಲಿ ಪ್ಯಾಟ್ರಿಕ್ಕನ ಹಬ್ಬದ ರಾತ್ರಿ, ಎಂದರೆ ಮಾರ್ಚ್ ತಿಂಗಳಲ್ಲಿ, ಶಿಖರದ ಮೇಲೆ ಸಿಡಿಲೆರಗಿ ಉಪವಾಸವಿದ್ದ ಮೂವತ್ತು ಜನರು ಮಡಿದರೆಂದು ವರ್ಷವೃತ್ತಾಂತಗಳು ಹೇಳುತ್ತವೆ. ಅಂದು ವ್ರತಕಾಲವು ಮಾರ್ಚಿಯಾಗಿದ್ದಲ್ಲಿ, ಜುಲೈ ಯಾತ್ರೆಯು ಅವಿಚ್ಛಿನ್ನವಾಗಿ ಬಂದುದೆಂಬ ವಾದಕ್ಕೆ ಆಧಾರವು ಸಾಲದು.

ಸಂಸ್ಕೃತಜ್ಞರಿಗೆ ರುಚಿಸತಕ್ಕ ವಿಷಯವು ಪ್ರದಕ್ಷಿಣೆ. ಯಾತ್ರಿಕರು ಒಂದು ಕಲ್ಗುಪ್ಪೆಯನ್ನು ಏಳು ಸಲ, 1905ರಲ್ಲಿ ಕಟ್ಟಿದ ಶಿಖರದ ಗುಡಿಯನ್ನು ಹದಿನೈದು ಸಲ ಸುತ್ತುವರು. ಹೀಗೆ ಬಲವಂದು ಸುತ್ತುವುದಕ್ಕೆ ಐರಿಷ್ ಭಾಷೆಯಲ್ಲಿ 'ದೆಶೆಲ್' ಎಂದು ಹೆಸರು. ಅದರ ಮೂಲವಾದ 'ದೆಸ್' ಶಬ್ದವು ಸಂಸ್ಕೃತದ 'ದಕ್ಷಿಣ'ಕ್ಕೆ ಸಜಾತೀಯ. ಎರಡಕ್ಕೂ ಬಲಗಡೆಯೆಂದೂ ತೆಂಕಣ ದಿಕ್ಕೆಂದೂ ಅರ್ಥ. ಮೂಡಲಿಗೆ ಮುಖವಾಗಿ ನಿಂತವನಿಗಲ್ಲದೆ ಈ ಎರಡರ್ಥಗಳು ಒಂದಾಗವು. ಇದರಿಂದ ಆಚಾರವು ಭಾರತದಿಂದ ಹೋಯಿತೆಂದು ಸಾಧಿಸ ಹೊರಡುವುದು ಸಾಹಸ. ಶಬ್ದಬಾಂಧವ್ಯವು ದಿಗ್ಭಾವನೆಯನ್ನು ಮಾತ್ರ ಸಾಕ್ಷೀಕರಿಸುವುದು.

1994-95ರ ಉತ್ಖನನದಲ್ಲಿ ಶಿಖರದ ಮೇಲೆ ಕಲ್ಲಿನ ಪ್ರಾಕಾರದ ಅವಶೇಷಗಳೂ, ಐದರಿಂದ ಒಂಬತ್ತನೆಯ ಶತಮಾನದೊಳಗಿನ ಪ್ರಾರ್ಥನಾಗೃಹವೊಂದರ ತಳಪಾಯವೂ ದೊರೆತುವು. ಇದಕ್ಕಿಂತಲೂ ಬಲವಾದ ಸಾಕ್ಷ್ಯವು, ಬ್ಯಾಲಿನ್‌ಟಬರ್ ಮಠದಿಂದ ಬರುವ ಸುಮಾರು 22 ಮೈಲಿಯ ಹಳೆಯ ಯಾತ್ರಾಮಾರ್ಗದ ಬಳಿ, ಬೋಹೆ ಎಂಬಲ್ಲಿರುವ ಬಂಡೆ. ಅದರ ಮೈಮೇಲೆ ಇತಿಹಾಸಪೂರ್ವಕಾಲದವರು ವರ್ತುಲಗಳನ್ನು ಕೊರೆದಿರುವರು. ಏಪ್ರಿಲ್ 18 ಮತ್ತು ಆಗಸ್ಟ್ 24ರ ಸಂಜೆ ಅಲ್ಲಿ ನಿಂತು ನೋಡಿದರೆ, ಅಸ್ತಮಿಸುವ ಸೂರ್ಯಬಿಂಬವು ಶಿಖರವನ್ನು ಮುಟ್ಟಿ, ಪರ್ವತದ ಇಳಿಜಾರಿನ ಗುಂಟ ಉರುಳುತ್ತ ಕೆಳಗಿಳಿಯುವಂತೆ ತೋರುವುದು. ಆ ಬಂಡೆಗೂ ಜನರು ಪ್ಯಾಟ್ರಿಕ್ಕನ ಪೀಠವೆಂದೇ ಹೆಸರಿಟ್ಟಿರುವರು.